ಕಿವಿ ಮೇಸ್ತ್ರಿಗೆ ಕೇಳಿಸದ ಬೆಲ್ಟು

ಅವನಿಗೆ ಕಿವಿ ಮೇಸ್ತ್ರಿ ಅಂತ ಹೆಸರು ಬಿದ್ದದ್ದು ಸುಮ್ಮಸುಮ್ಮನೆ ಅಲ್ಲ. ಬೇರೆ ಮೆಕ್ಯಾನಿಕ್ಕುಗಳು ಬಾನೆಟ್ ಎತ್ತಿ, ಅದು ಬಿಚ್ಚಿ, ಇದು ಬಿಚ್ಚಿ, ಕೊನೆಗೆ ಗಾಡಿಯ ಯಜಮಾನನ ತಾಳ್ಮೆಯನ್ನೂ ಬಿಚ್ಚಿ ಹಾಕುವಷ್ಟರಲ್ಲಿ ಇವನ ಕೆಲಸ ಮುಗಿದಿರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ವಾಟರ್ ಪಂಪಿನ ಬೇರಿಂಗು. ಬೇಗ ಮಾಡಿಸ್ಕೊಳ್ಳಿ, ಇಲ್ಲಾಂದ್ರೆ ದಾರೀಲಿ ನಿಲ್ಲಿಸುತ್ತೆ" ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ. ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಓಣಿಯ ತಿರುವಿನಲ್ಲಿ ಬರುತ್ತಿರುವ ಗಾಡಿಯ ಕಾಯಿಲೆಯನ್ನು ಕೂತಲ್ಲಿಂದಲೇ ಹೇಳಿದ್ದೂ ಉಂಟು. ಹೊಗಳಿಕೆ ಅನ್ನುವುದು ಕೆಟ್ಟ ಚಟ ಕಣ್ರೀ. ಒಂದು ಸಲ ಅಂಟಿಕೊಂಡರೆ, ಅದಿಲ್ಲದ ದಿನ ಊಟ ಸೇರುವುದಿಲ್ಲ.

ಅವನ ಗ್ಯಾರೇಜು ಒಂದು ತಗಡಿನ ಸೂರು, ಎಣ್ಣೆ ಕುಡಿದು ಕಪ್ಪಾದ ನೆಲ, ಸ್ಪ್ಯಾನರುಗಳನ್ನು ತೂಗುಹಾಕಿದ ಒಂದು ಗೋಡೆ. ಗೋಡೆಯ ಆಚೆ ಬ್ಯಾಟರಿ ಅಂಗಡಿ. ಗಾಡಿಗೆ ಚಾರ್ಜ್ ಇಲ್ಲದವರು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡುತ್ತಿದ್ದರು. ಬ್ಯಾಟರಿಯವನಿಗೂ ಮೇಸ್ತ್ರಿಗೂ ಎಷ್ಟೋ ವರ್ಷಗಳ ಸ್ನೇಹ. ಸಂಜೆಯಾದರೆ ಇಬ್ಬರೂ ಬಾಗಿಲಲ್ಲಿ ಹಳೆ ಟೈರುಗಳ ಮೇಲೆ ಕೂತು, ಬಾಡಿಗೆ ಸಿಗದೆ ನಿಂತ ಆಟೋದವನನ್ನೂ ಕೂರಿಸಿಕೊಂಡು, ಲೋಕದ ಎಂಜಿನ್ನನ್ನೆಲ್ಲ ರಿಪೇರಿ ಮಾಡುತ್ತಿದ್ದರು.

ಹಾಳಾದ ಕಿವಿ ಒಂದೇ ಸಲಕ್ಕೆ ಹೋಗಿಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಅದು ಕಳ್ಳನ ಹಾಗೆ ಮೆಲ್ಲಮೆಲ್ಲಗೆ ಹೋಯಿತು. ದಪ್ಪ ಶಬ್ದಗಳೆಲ್ಲ ಕೇಳುತ್ತಿದ್ದವು. ಗೇರ್ ಬಾಕ್ಸಿನ ಗೊಣಗಾಟ, ಸೈಲೆನ್ಸರಿನ ಕೆಮ್ಮು, ಹೆಂಡತಿಯ ಬೈಗುಳ, ಎಲ್ಲ ಸರಿಯೇ. ಸಣ್ಣ ಶಬ್ದಗಳು ಮಾತ್ರ ಒಂದೊಂದಾಗಿ ಮಾಯವಾದವು. ಬೆಳಿಗ್ಗೆ ಹಕ್ಕಿಗಳು ಯಾಕೋ ಕೂಗುತ್ತಿಲ್ಲ ಅಂದುಕೊಂಡ. ಮೊಮ್ಮಗಳು ಈಚೆಗೆ ತುಂಬಾ ಮೆಲ್ಲಗೆ ಮಾತಾಡುತ್ತಾಳೆ ಅಂದುಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಲ್ಲ, ಹಾಗೆ.

"ರೀ, ಫೋನು ಪಕ್ಕದಲ್ಲೇ ಹೊಡ್ಕೊಳ್ತಾ ಇದೆ. ಒಂದ್ಸಲ ಕಿವಿ ತೋರಿಸ್ಕೊಂಡು ಬರಬಾರದಾ?" ಅಂದಳು ಹೆಂಡತಿ.

"ಕೇಳಿಸ್ತು ಕಣೇ. ಎತ್ತೋಕೆ ಮನಸ್ಸಿಲ್ಲ" ಅಂದ.

ಕಿವಿ ಡಾಕ್ಟರ ಬಾಗಿಲಲ್ಲಿ ಕಿವಿ ಮೇಸ್ತ್ರಿ ಕೂತಿದ್ದನ್ನು ಯಾರಾದರೂ ನೋಡಿದರೆ? ಅದನ್ನು ನೆನೆದರೇ ಅವನಿಗೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಹಾಗಾಗಿ ಒಂದು ಉಪಾಯ ಕಲಿತ. ಗಿರಾಕಿಯನ್ನು ಎದುರಿಗೆ ನಿಲ್ಲಿಸಿಕೊಂಡು ಎಂಜಿನ್ ಶುರು ಮಾಡುವುದು. ಶಬ್ದ ಬಂದ ಕೂಡಲೇ ಗಿರಾಕಿಯ ಹುಬ್ಬು ಏರುತ್ತದೆ, ಹಲ್ಲು ಕಚ್ಚುತ್ತಾನೆ. "ಹಾಂ, ಬಂತು ನೋಡಿ" ಅಂತ ಇವನೇ ಮೊದಲು ಹೇಳಿಬಿಡುತ್ತಿದ್ದ. ಕಿವಿ ಹೋದರೂ ಹೆಸರು ಹೋಗಿರಲಿಲ್ಲ.

ಆಮೇಲೆ ವ್ಯಾನಕ್ಕ ಬಂದಳು. ವಯಸ್ಸಾದ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ತನ್ನ ಸಣ್ಣ ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಬರುವುದು ಅವಳ ಕಸುಬು. ಎತ್ತಿ ಕೂರಿಸುವುದು, ಕೈಹಿಡಿದು ಇಳಿಸುವುದು, ಅವರ ಮದುವೆಯಾಗದ ಮಗನ ಚಿಂತೆ ಕೇಳುವುದು, ಎಲ್ಲ ಆ ಬಾಡಿಗೆಯಲ್ಲೇ ಸೇರಿತ್ತು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಬಾಯಲ್ಲೂ ಅವಳು ವ್ಯಾನಕ್ಕನೇ.

"ಮೇಸ್ತ್ರೀ, ಹೋದ ತಿಂಗಳು ನೀವು ಡೈನಮೋ ಬಿಚ್ಚಿ ಕಟ್ಟಿ ಕೊಟ್ರಲ್ಲ, ಅದಾದ್ಮೇಲೆ ಮುಂದೆ ಎಲ್ಲೋ ಕೀಂಚ್ ಕೀಂಚ್ ಅಂತಿದೆ. ಇಲಿ ಮರಿ ಹಾಕಿದ ಹಾಗೆ."

"ಗಾಡೀಲಿ ಕೂತೋರು ಏನಂತಾರೆ?"

"ಅವರಿಗೆ ನನ್ನ ಹಾರ್ನೇ ಕೇಳ್ಸಲ್ಲ, ಬಿಡಿ" ಅಂತ ನಕ್ಕಳು.

ಮೇಸ್ತ್ರಿ ಎಂಜಿನ್ ಶುರು ಮಾಡಿಸಿ ಅವಳ ಮುಖ ನೋಡಿದ. ದಿನವಿಡೀ ನೋವಿನವರನ್ನು ಕರೆದೊಯ್ಯುವ ಹೆಂಗಸು, ಯಾವುದಕ್ಕೂ ಮುಖ ಸಿಂಡರಿಸಬಾರದು ಅಂತ ಕಲಿತವಳು. ಆ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಸ್ಕ್ರೂಡ್ರೈವರ್ ಆನಿಸಿದ. ಬೇರಿಂಗುಗಳೆಲ್ಲ ನುಣ್ಣಗೆ ತಿರುಗುತ್ತಿದ್ದವು. ಮತ್ತೇನೂ ಕೇಳಲಿಲ್ಲ.

"ಬೆಲ್ಟ್ ಒಣಗಿದೆ" ಅಂದ. ಕತ್ತಲಲ್ಲಿ ಕಲ್ಲು ಹೊಡೆದದ್ದು, ಅಷ್ಟೇ. ಹೊಸ ಬೆಲ್ಟ್ ಹಾಕಿದ. ಹೊಸ ರಬ್ಬರು ನಾಲ್ಕು ದಿನ ಬಾಯಿ ಮುಚ್ಚಿಕೊಂಡಿತ್ತು, ಆಮೇಲೆ ಮತ್ತೆ ಶುರುವಾಯಿತು. ಅವಳು ಮತ್ತೆ ಬಂದಳು. ಬೆಲ್ಟನ್ನು ಎಳೆದು ಹಿಡಿಯುವ ಟೆನ್ಷನರನ್ನು ಬದಲಾಯಿಸಿದ. ಅಲ್ಲೂ ಅದೇ ಕಥೆ.

ಇಂಥ ಶಬ್ದಕ್ಕೆ ಮದ್ದು ಇಲ್ಲದೆ ಇಲ್ಲ. ಬೆಲ್ಟ್ ಸುತ್ತುವ ಚಕ್ರಗಳಾದ ಪುಲ್ಲಿಗಳ ಮೇಲೆ ಒಂದು ಸ್ಟೀಲ್ ಪಟ್ಟಿ ಆನಿಸಿ ನೋಡಿದರೆ, ಎಲ್ಲವೂ ಒಂದೇ ಸಾಲಿನಲ್ಲಿವೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಈ ಕೆಲಸವನ್ನು ಅವನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದ. ಆದರೆ ತಾನು ಪಟ್ಟಿಗೆ ಕೈ ಹಾಕಿದರೆ, "ಏನು ಮೇಸ್ತ್ರಿ, ಕಿವಿ ಸಾಲಲಿಲ್ವಾ?" ಅಂತ ಬ್ಯಾಟರಿಯವನು ಕೇಳಿದರೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಆಗಿದ್ದ ಅವನು. ಪಟ್ಟಿ ಗೋಡೆಯಲ್ಲೇ ಉಳಿಯಿತು.

ಮೂರನೆಯ ಸಲ ಅವಳು ಬಂದದ್ದು ಸಂಜೆ. ಟೈರುಗಳ ಮೇಲೆ ಬ್ಯಾಟರಿಯವನೂ ಆಟೋದವನೂ ಕೂತಿದ್ದರು. ಎಂಜಿನ್ ಓಡುತ್ತಿತ್ತು.

"ಈಗ್ಲೂ ಬರ್ತಿದೆ ಮೇಸ್ತ್ರೀ, ಕೇಳಿಸ್ಕೊಳ್ಳಿ" ಅಂದಳು.

ಮೇಸ್ತ್ರಿ ಬಗ್ಗಿದ, ಎದ್ದ, ಮತ್ತೆ ಬಗ್ಗಿದ. ಮೂವರೂ ತನ್ನನ್ನೇ ನೋಡುತ್ತಿದ್ದಾರೆ. ಎಲ್ಲಿಂದ ಬಂತೋ ಆ ಮಾತು, ಬಾಯಿಂದ ಬಿದ್ದೇಬಿಟ್ಟಿತು.

"ಅಕ್ಕಾ, ಗಾಡಿ ಗುಂಡುಕಲ್ಲಿನ ಹಾಗಿದೆ. ರಿಪೇರಿ ಬೇಕಿರೋದು ನಿಮ್ಮ ಕಿವಿಗೆ. ಯಾವುದಕ್ಕೂ ಒಂದ್ಸಲ ಡಾಕ್ಟರಿಗೆ ತೋರಿಸಿ."

ಬ್ಯಾಟರಿಯವನು ನಕ್ಕ. ಆಟೋದವನೂ ನಕ್ಕ. ವ್ಯಾನಕ್ಕನೂ ಅವರ ಜೊತೆ ನಗಲು ನೋಡಿದಳು. "ಹೌದೇನೋ ಮೇಸ್ತ್ರಿ. ನಿಮಗೇ ಕೇಳಿಸ್ದೆ ಇರೋದು ನನಗೆ ಕೇಳಿಸುತ್ತೆ ಅಂದ್ರೆ…" ಅಂತ ಗಾಡಿ ಹತ್ತಿದಳು. ಮೇಸ್ತ್ರಿ ಆ ರಾತ್ರಿ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹೆಂಡತಿ ಕೇಳಿದರೆ ಹಸಿವಿಲ್ಲ ಅಂದ.

ಅದಾದ ಮೇಲೆ ಅವಳು ಬರಲಿಲ್ಲ. ಪೀಡೆ ತೊಲಗಿತು ಅಂದುಕೊಂಡ. ಅಂದುಕೊಂಡದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟ.

ಆಮೇಲೆ ಒಂದು ಬೆಳಿಗ್ಗೆ ಆ ವ್ಯಾನನ್ನು ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ವ್ಯಾನಕ್ಕನ ಎಡಗೈ ಮಣಿಕಟ್ಟಿಗೆ ಬ್ಯಾಂಡೇಜು.

"ಇಳಿಜಾರಿನ ತಿರುವಲ್ಲಿ ಬೆಲ್ಟ್ ಕಿತ್ಕೊಂಡು ಹೋಯ್ತು ಮೇಸ್ತ್ರಿ. ಪವರ್ ಸ್ಟೇರಿಂಗೂ ಆ ಬೆಲ್ಟಿಂದಲೇ ಅಲ್ವಾ, ಕಲ್ಲಾಗಿಬಿಡ್ತು. ಹಿಂದೆ ಮೂರು ಜನ ಕೂತಿದ್ರು. ಹೆಂಗೋ ಎಳೆದು ಪಕ್ಕಕ್ಕೆ ಹಾಕಿದೆ. ಅವರಿಗೆ ಏನೂ ಆಗಲಿಲ್ಲ, ದೇವರು ದೊಡ್ಡೋನು."

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಮಾತಿಗೆ ಮಾತು ಬೆಳೆಸಬಹುದಿತ್ತು.

ಮೇಸ್ತ್ರಿ ಬಾನೆಟ್ ಎತ್ತಿದ. ಬೆಲ್ಟಿನ ಚೂರು ಇನ್ನೂ ಪುಲ್ಲಿಗೆ ಸುತ್ತಿಕೊಂಡಿತ್ತು. ಒಂದೇ ಅಂಚು ನಾರುನಾರಾಗಿ ಸವೆದಿತ್ತು. ಈಗ ಹೋಗಿ ಗೋಡೆಯಿಂದ ಪಟ್ಟಿ ತಂದು ಆನಿಸಿದ. ಡೈನಮೋ ಪುಲ್ಲಿ ಸಾಲಿನಿಂದ ಒಳಕ್ಕೆ ಸರಿದಿತ್ತು. ಟಾರ್ಚ್ ಹಾಕಿ ನೋಡಿದ. ಬೋಲ್ಟಿನ ಹಿಂದೆ ಕೂರಬೇಕಾದ ದಪ್ಪ ವಾಷರೇ ಇಲ್ಲ. ಕಂಪನಿಯವರು ಮರೆತದ್ದಲ್ಲ. ಡೈನಮೋ ಬಿಚ್ಚಿ ಕಟ್ಟಿದವನು ತಾನೇ, ಹಾಕಲು ಮರೆತವನೂ ತಾನೇ. ಆ ಶಬ್ದವನ್ನು ಹುಟ್ಟಿಸಿದವನೇ ಅದು ಇಲ್ಲವೇ ಇಲ್ಲ ಅಂತ ಸಾಧಿಸಿದ್ದ. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತೇನೆ ಅನ್ನಿಸಿತು.

"ಯಾಕೆ ಹಿಂಗಾಯ್ತು?" ಕೇಳಿದಳು.

"ಬೆಲ್ಟ್ ಕಳಪೆ ಮಾಲು ಅಕ್ಕಾ. ಈಗಿನ ಪಾರ್ಟುಗಳೇ ಹಂಗೆ."

ನೋಡಿ, ಆಗಲೂ ಬಾಯಿ ಸುಳ್ಳನ್ನೇ ಹೇಳಿತು.

"ಬೇಗ ಸರಿ ಮಾಡ್ಕೊಡಿ. ಇದನ್ನ ಮಾರಿಬಿಡ್ತೀನಿ" ಅಂದಳು.

"ಮಾರೋದಾ? ಯಾಕೆ?"

"ನೀವು ಹೇಳಿದ್ರಿ ಅಂತ ಡಾಕ್ಟರಿಗೆ ತೋರಿಸ್ದೆ. ಹೆಡ್‌ಫೋನ್ ಹಾಕಿ ಎಲ್ಲ ನೋಡಿದ್ರು. ಕಿವಿ ಚೆನ್ನಾಗಿದೆಯಮ್ಮ ಅಂದ್ರು. ಕಿವಿ ಚೆನ್ನಾಗಿದ್ದು, ಗಾಡೀನೂ ಚೆನ್ನಾಗಿದ್ದು, ಆದ್ರೂ ಶಬ್ದ ಕೇಳಿಸುತ್ತೆ ಅಂದ್ರೆ ಕೆಟ್ಟಿರೋದು ತಲೆ ಅಲ್ವಾ? ನಮ್ಮಮ್ಮನ ಹತ್ರ ಹೇಳ್ಕೊಂಡು ಅತ್ತುಬಿಟ್ಟೆ. ಆಮೇಲಾಮೇಲೆ ಕಿವಿಗೆ ಹತ್ತಿ ಇಟ್ಕೊಂಡು ಓಡಿಸ್ತಿದ್ದೆ. ಮೊನ್ನೆ ಬೆಲ್ಟ್ ಹೋಗೋಕೆ ಮುಂಚೆ ಏನಾದ್ರೂ ಸದ್ದು ಮಾಡಿತ್ತೋ ಏನೋ, ನನಗೆ ಗೊತ್ತಿಲ್ಲ. ಯಾವುದು ನಿಜ, ಯಾವುದು ಭ್ರಮೆ ಅಂತ ತಿಳೀದೋಳು ಜೀವ ಇರೋರನ್ನ ಹಿಂದೆ ಕೂರಿಸ್ಕೊಬಾರದು."

ಮೇಸ್ತ್ರಿ ಪಟ್ಟಿ ಕೆಳಗಿಟ್ಟ. ಬಾಯಿ ತೆರೆದರೆ ಇಷ್ಟು ವರ್ಷ ಕಟ್ಟಿಕೊಂಡ ಹೆಸರು ಹೋಗುತ್ತದೆ. ತೆರೆಯದಿದ್ದರೆ ಈ ಹೆಂಗಸು ತನಗೆ ಹುಚ್ಚು ಅಂದುಕೊಂಡೇ ಸಾಯುತ್ತಾಳೆ. ಇನ್ನೂ ಯೋಚಿಸುತ್ತ ನಿಂತಿದ್ದೇನಲ್ಲ ಅಂತ ತನಗೆ ತಾನೇ ಛೀಮಾರಿ ಹಾಕಿಕೊಂಡ.

"ನಿಮ್ಮ ತಲೆ ಸರಿ ಇದೆ ಅಕ್ಕಾ" ಅಂದ. "ಶಬ್ದ ಇತ್ತು. ನನಗೇ ಸಣ್ಣ ಸದ್ದು ಕೇಳಿಸಲ್ಲ. ವರ್ಷಗಳೇ ಆಯ್ತು. ವಾಷರ್ ಹಾಕೋಕೆ ಮರೆತೋನೂ ನಾನೇ. ಬೆಲ್ಟ್ ಕಳಪೆ ಅಂದದ್ದು ಸುಳ್ಳು."

ಅವಳು ಬಾನೆಟ್ಟಿನತ್ತ ಕೈ ತೋರಿಸಿ, "ಮೊದಲು ಸರಿ ಮಾಡಿ" ಅಂದಳು.

ವಾಷರ್ ಹಾಕಿ, ಹೊಸ ಬೆಲ್ಟ್ ಕೂರಿಸಿ, ಪಟ್ಟಿ ಇಟ್ಟು ನೋಡಿ, ಎಂಜಿನ್ ಶುರು ಮಾಡಿದ. ಹೊಸ ಬೆಲ್ಟನ್ನು ನಂಬಬಾರದು ಅಂತ, ಜಾರಿ ಕಿರುಚುತ್ತದೋ ನೋಡಲು ಅದರ ಮೇಲೆ ನೀರು ಚಿಮುಕಿಸಿದ. "ಈಗ?" ಅಂತ ಕೇಳಿದ. ಅವಳು ಬಗ್ಗಿ ಕೇಳಿಸಿಕೊಂಡಳು. "ಇಲ್ಲ." ಎಂಜಿನ್ ರೇಸ್ ಮಾಡಿದ. "ಈಗ?" "ಇಲ್ಲ." ಅವಳು ಹೇಳಿದ್ದನ್ನು ನಂಬದೆ ಅವನಿಗೆ ಬೇರೆ ದಾರಿ ಇರಲಿಲ್ಲ.

"ಅವತ್ತು ಇಬ್ಬರ ಮುಂದೆ ನನ್ನ ಕಿವಿ ಕೆಟ್ಟಿದೆ ಅಂದ್ರಲ್ಲ, ಅವರ ಮುಂದೇನೇ ಈಗ ನಿಜ ಹೇಳಿ. ನನಗೆ ಅಷ್ಟು ಸಾಕು" ಅಂದಳು.

ನ್ಯಾಯವಾದ ಮಾತು. ಮೇಸ್ತ್ರಿ ಬಟ್ಟೆಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದ. ಬ್ಯಾಟರಿಯವನನ್ನು ಕೂಗಿ ಕರೆದ. ಆಟೋದವನು ಎದುರಿಗೇ ಇದ್ದ. ತಲೆ ತಗ್ಗಿಸಿಕೊಂಡೇ ಹೇಳಿದ. ವ್ಯಾನಕ್ಕನಿಗೆ ಕೇಳಿಸಿದ್ದೇ ನಿಜ, ತನ್ನ ಕಿವಿಯೇ ಹೋಗಿದೆ, ತಪ್ಪೂ ತನ್ನದೇ ಅಂದ.

ಬ್ಯಾಟರಿಯವನು ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟ. "ಅಯ್ಯೋ ಬಿಡಿ ಮೇಸ್ತ್ರಿ, ಇದಕ್ಕೆ ಇಷ್ಟೊಂದು ಯಾಕೆ ಬೇಜಾರು? ನಮಗೆ ಗೊತ್ತಿಲ್ಲದ್ದಾ? ಅವತ್ತು ಆ ವ್ಯಾನ್ ಕಿರುಚ್ತಿದ್ದದ್ದು ನನ್ನ ಅಂಗಡಿ ಒಳಗೂ ಕೇಳ್ತಿತ್ತು. ನಿಮ್ಮ ಮರ್ಯಾದೆ ಹೋಗಬಾರದು ಅಂತ ಸುಮ್ಮನಿದ್ವಿ."

ವ್ಯಾನಕ್ಕ ಗಾಡಿಯ ಬಾಗಿಲು ಹಿಡಿದು ನಿಂತುಬಿಟ್ಟಳು.

"ನಿಮಗೆ ಕೇಳಿಸಿತ್ತಾ?" ಅಂದಳು. ಆಟೋದವನ ಕಡೆ ತಿರುಗಿದಳು. "ನಿಮಗೂ?"

ಆಟೋದವನು ತನ್ನ ಚಪ್ಪಲಿ ನೋಡಿಕೊಂಡ.

"ಕೇಳಿಸ್ಕೊಂಡೇ ನಕ್ರಾ?"

ಬ್ಯಾಟರಿಯವನ ಕೈ ಮೇಸ್ತ್ರಿಯ ಭುಜದಿಂದ ಜಾರಿತು. "ಹಂಗಲ್ಲ ಅಕ್ಕಾ, ದೊಡ್ಡ ಮನುಷ್ಯರು, ಅವರ ಹೆಸರು…" ಅಂದವನು ಅಷ್ಟಕ್ಕೇ ನಿಲ್ಲಿಸಿದ.

"ನಾಳೆಯಿಂದ ಗಾಡಿ ಓಡಿಸ್ತೀನಿ, ಮಾರಲ್ಲ" ಅಂದಳು ವ್ಯಾನಕ್ಕ. "ಈ ಓಣಿಗೆ ಮಾತ್ರ ತರಲ್ಲ." ನೋಯುವ ಕೈಯಲ್ಲೇ ಗೇರ್ ಹಾಕಿ ಹೊರಟು ಹೋದಳು.

ಮೂವರೂ ಬಾಗಿಲಲ್ಲಿ ನಿಂತೇ ಇದ್ದರು. ಟೀ ತರಿಸಲಾ ಅಂತ ಬ್ಯಾಟರಿಯವನು ಕೇಳಿದ. ಮೇಸ್ತ್ರಿ ಬೇಡ ಅಂತ ತಲೆಯಾಡಿಸಿದ. ಗೆಳೆಯನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಆ ಇಬ್ಬರ ಬಾಯಿ ಕಟ್ಟಿ ಹಾಕಿದ್ದು ತನ್ನ ಹೆಸರೇ. ಆ ಹೆಸರಿಗಾಗಿ ಒಬ್ಬ ಹೆಂಗಸು ತನ್ನ ಬುದ್ಧಿಯನ್ನೇ ಕಳೆದುಕೊಳ್ಳುವುದರಲ್ಲಿದ್ದಳು.

"ಅವತ್ತು ನನ್ನ ಮುಖ ನೋಡಿ ನಕ್ಕುಬಿಟ್ಟಿದ್ರೆ ಆಗ್ತಿತ್ತಲ್ಲಪ್ಪಾ" ಅಂದ.