ಬದಲಿ ಕೊಡದೆ ಹೋದವನು

ಆಸ್ಟ್ರೇಲಿಯಾಕ್ಕೆ ಹೋಗುತ್ತೇನೆ ಎಂದು ವಾನ್‌ರು ಹೇಳಿದಾಗ ತೈವಾನಿನ ಚಿಯಾಯಿ ಊರಿನ ಆಸ್ಪತ್ರೆಯಲ್ಲಿ ಅವಳ ಜೊತೆ ದುಡಿಯುತ್ತಿದ್ದ ನರ್ಸುಗಳೆಲ್ಲ ನಕ್ಕರು. ಅವಳಿಗೆ ಮೂವತ್ತು ತುಂಬಿ ಹತ್ತು ತಿಂಗಳಾಗಿತ್ತು. ದುಡಿಯುತ್ತಾ ರಜೆ ಕಳೆಯುವ ಆ ವೀಸಾ ಮೂವತ್ತೊಂದು ತುಂಬುವುದರೊಳಗೆ ಕೇಳಿದವರಿಗೆ ಮಾತ್ರ. "ಬಸ್ಸು ಹೊರಟ ಮೇಲೆ ಹಿಂದೆ ಓಡ್ತಿದ್ದೀಯಲ್ಲೇ! ಈ ವಯಸ್ಸಲ್ಲಿ ಜನ ಮದುವೆ ಆಗ್ತಾರೆ, ಹಣ್ಣು ಕೀಳೋಕೆ ಹೋಗ್ತಾರಾ?" ಎಂದಳು ಹಿರಿಯ ನರ್ಸೊಬ್ಬಳು. ವಾನ್‌ರು ತಾನೂ ನಕ್ಕಳು. ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಕೇಳಿದ ಕಡೆ 'ರಜೆ' ಎಂಬುದಕ್ಕೆ ಗುರುತು ಹಾಕಿದ್ದಳು. ಸತ್ತ ತಮ್ಮನನ್ನು ಮನೆಗೆ ಕರೆದುಕೊಂಡು ಬರಲು ಹೋಗುತ್ತಿದ್ದೇನೆ ಎಂದು ಯಾವ ಕಚೇರಿಗೆ ಬರೆದುಕೊಡಲು ಬರುತ್ತದೆ?

ತಮ್ಮನ ಹೆಸರು ಲಿವೆಯ್. ಅವಳಿಗಿಂತ ಆರು ವರ್ಷಕ್ಕೆ ಚಿಕ್ಕವನು, ಬಾಯಿ ತೆರೆದರೆ ನಗುವವನು. ಇದೇ ವೀಸಾದ ಮೇಲೆ ಶೆಪರ್ಟನ್ ಎಂಬ ಹಣ್ಣಿನ ಊರಿಗೆ ಹೋಗಿ ಪೇರ್ ತೋಟದಲ್ಲಿ ಕೆಲಸ ಹಿಡಿದಿದ್ದ. ಹೋಗಿ ಐದು ತಿಂಗಳಾಗಿತ್ತು. ಒಂದು ಮಧ್ಯಾಹ್ನ ತೋಟದಿಂದ ವಾಪಸು ಬರುವಾಗ ಹಳೆಯ ಕಾರಿನ ಟೈರು ಸಿಡಿದು, ಕಾರು ನೀರಾವರಿ ಕಾಲುವೆಗೆ ಬಿತ್ತು. ಅಪ್ಪ, ಚಿಕ್ಕಪ್ಪ ಇಬ್ಬರೂ ಹೋಗಿ ಅಲ್ಲೇ ಸುಡಿಸಿ ಬೂದಿ ತಂದರು.

ಪರಸ್ಥಳದಲ್ಲಿ ಸತ್ತವನ ಬೂದಿ ತಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪ್ರಾಣ ಬಿಟ್ಟ ಜಾಗದಲ್ಲಿ ಊದುಬತ್ತಿ ಹಚ್ಚಿ, ಹೆಸರು ಹಿಡಿದು ಕೂಗಿ, ಮನೆಗೆ ಬರ್ತೀಯಾ ಎಂದು ಕೇಳಿ ಎರಡು ನಾಣ್ಯ ಚೆಲ್ಲಬೇಕು. ಒಂದು ಮುಖ ಮೇಲೆ, ಒಂದು ಮುಖ ಕೆಳಗೆ ಬಿದ್ದರೆ ಬರುತ್ತೇನೆ ಎಂದರ್ಥ. ಎರಡೂ ಕವುಚಿ ಬಿದ್ದರೆ ಇಲ್ಲ. ಎರಡೂ ಮೇಲೆ ನೋಡಿದರೆ ಅವನು ನಗುತ್ತಿದ್ದಾನೆ, ಉತ್ತರ ಕೊಡಲು ಮನಸ್ಸಿಲ್ಲ. ಅಪ್ಪ ಕಾಲುವೆಯ ದಂಡೆಯ ಮೇಲೆ ಮೂರು ಸಲ ಚೆಲ್ಲಿದ. ಮೂರು ಸಲವೂ ನಾಣ್ಯಗಳು ಕವುಚಿಯೇ ಬಿದ್ದವು. ವಿಮಾನದ ಹೊತ್ತಾಯಿತೆಂದು ಹೊರಟು ಬಂದರು.

ಅಮ್ಮ ಮಾರುಕಟ್ಟೆಯ ಪಕ್ಕ ಟರ್ಕಿ ಕೋಳಿಯ ಅನ್ನದ ಅಂಗಡಿ ಇಟ್ಟವಳು. ಅವಳ ಬೈಗುಳ ಕೇಳದೆ ಆ ಗಲ್ಲಿಯಲ್ಲಿ ಬೆಳಗಾಗುತ್ತಿರಲಿಲ್ಲ. ಗಿರಾಕಿಗಳನ್ನೂ ಬೈಯುತ್ತಿದ್ದಳು, ಅವರೂ ಬೈಸಿಕೊಂಡು ಇನ್ನೊಂದು ಬಟ್ಟಲು ತಿಂದು ಹೋಗುತ್ತಿದ್ದರು. ಅವತ್ತು ಗಂಡನ ಕೈಯಲ್ಲಿದ್ದ ಗಡಿಗೆ ನೋಡಿ, ನಾಣ್ಯದ ಸಂಗತಿ ಕೇಳಿ, "ಬೂದಿ ತಂದ್ರಿ, ಹುಡುಗನ್ನ ಅಲ್ಲೇ ಬಿಟ್ಟು ಬಂದ್ರಿ" ಎಂದಳು. ಅದೇ ಕೊನೆ. ಆಮೇಲೆ ಅವಳು ಯಾರನ್ನೂ ಬೈಯಲಿಲ್ಲ. ಅನ್ನ ಬಡಿಸಿದಳು, ಮೇಜು ಒರೆಸಿದಳು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು. ಬೈಯದ ಅಮ್ಮನನ್ನು ಒಂದು ವರ್ಷ ನೋಡುವಷ್ಟರಲ್ಲಿ ವಾನ್‌ರುಗೆ ಸಾಕುಸಾಕಾಯಿತು. ಕೆಲಸಕ್ಕೆ ರಾಜೀನಾಮೆ ಕೊಟ್ಟಳು.

ಶೆಪರ್ಟನ್‌ನಲ್ಲಿ ತೈವಾನಿನ ಹುಡುಗ ಹುಡುಗಿಯರು ಉಳಿದುಕೊಳ್ಳುವ ಮನೆಯೊಂದಿದೆ. ತೋಟದ ಯಜಮಾನ ಕಾರ್ಮೆಲೊನದೇ ಮನೆ. ಅಲ್ಲಿ ಹಾಸಿಗೆ ಸಿಕ್ಕಿದವನಿಗೆ ಕೆಲಸವೂ ಸಿಕ್ಕಿದ ಹಾಗೆ. ವಾನ್‌ರು ಆ ಮನೆಗೆ ಫೋನ್ ಮಾಡಿದಾಗ ಎತ್ತಿದವನು ತೆಷೆಂಗ್. ಕೀಲುಂಗ್ ಬಂದರಿನ ಕಡೆಯ ಹುಡುಗ, ಮೂರನೆಯ ವರ್ಷದ ಹಳಬ, ಬಾಯಿಗೆ ಬೀಗವಿಲ್ಲದವನು.

"ಮನೆ ತುಂಬ್ಹೋಗಿದೆ ಅಕ್ಕಾ. ಒಂದು ಹಾಸಿಗೆ ಖಾಲಿ ಇದೆ, ಅದನ್ನ ಯಾರಿಗೂ ಕೊಡಲ್ಲ."

"ಯಾಕೆ?"

"ಅದರಲ್ಲಿದ್ದ ಹುಡುಗ ತೀರ್ಕೊಂಡ. ನೀರಲ್ಲಿ. ನಿಮಗೆ ಬಿಡಿಸಿ ಹೇಳ್ಬೇಕಾ?"

"ಬೇಡ. ನಾನು ಅವನ ಅಕ್ಕ."

"ಯಾವ ಬಸ್ಸಿಗೆ ಬರ್ತೀರಿ? ಕರ್ಕೊಂಡು ಹೋಗೋಕೆ ನಾನೇ ಬರ್ತೀನಿ" ಎಂದ.

ನೀರಲ್ಲಿ ಸತ್ತವನಿಗೆ ತನ್ನ ಜಾಗಕ್ಕೆ ಇನ್ನೊಬ್ಬನನ್ನು ಎಳೆದುಕೊಳ್ಳುವವರೆಗೆ ಅಲ್ಲಿಂದ ಬಿಡುಗಡೆಯಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಓದಿದ ಮಕ್ಕಳು ಹಗಲಲ್ಲಿ ನಗುತ್ತಾರೆ, ಆದರೆ ಅಂಥವನ ಹಾಸಿಗೆಯಲ್ಲಿ ಮಲಗಲು ಒಬ್ಬನೂ ಮುಂದೆ ಬರುವುದಿಲ್ಲ. ಮನೆಯ ಹಿಂಭಾಗದ ಕೋಣೆಯಲ್ಲಿ ಲಿವೆಯ್‌ನ ಜೊತೆಗಿದ್ದವನು ಅವನು ಸತ್ತ ಮಾರನೆಯ ದಿನವೇ ತನ್ನ ಹಾಸಿಗೆ ಎತ್ತಿಕೊಂಡು ಮುಂದಿನ ಕೋಣೆಗೆ ಹೋಗಿದ್ದನಂತೆ. ಬಾಗಿಲ ಹಿಂದಿನ ಮೊಳೆಯಲ್ಲಿ ತಮ್ಮನ ಹುಲ್ಲಿನ ಟೋಪಿ ಹಾಗೇ ನೇತಾಡುತ್ತಿತ್ತು. ವಾನ್‌ರು ಅದನ್ನು ಮುಟ್ಟಲಿಲ್ಲ. ಹಾಸಿಗೆ ಕೊಡವಿ, ಗೋಡೆಯ ಕಡೆ ತಿರುಗಿ ಮಲಗಿ, ಬಂದ ದಿನವೇ ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಕೆಲಸ. ಇದಕ್ಕೆ ರಜೆ ಎಂದು ಹೆಸರಿಟ್ಟ ಮಹಾನುಭಾವ ಯಾರೋ, ಅವನನ್ನು ಅಲ್ಲಿನ ಚಳಿಗಾಲವಾದ ಜುಲೈ ತಿಂಗಳ ಮಂಜಿನಲ್ಲಿ ಏಣಿಯ ಮೇಲೆ ನಿಲ್ಲಿಸಿ ಕೊಂಬೆ ಕತ್ತರಿಸಲು ಬಿಡಬೇಕು. ಚಳಿಗಾಲವಿಡೀ ವಾನ್‌ರು ಕೊಂಬೆ ಸವರಿದಳು, ವಸಂತದಲ್ಲಿ ಹೀಚು ಕಿತ್ತು ಗೊಂಚಲು ತೆಳ್ಳಗೆ ಮಾಡಿದಳು. ಇಂಜೆಕ್ಷನ್ ಹಿಡಿದು ಪಳಗಿದ ಬೆರಳುಗಳು ಬಿರಿದು ರಕ್ತ ಬಂತು. ಜನವರಿಯಲ್ಲಿ ಹಣ್ಣು ಬಂದಾಗ ಎಪ್ಪತ್ತು ದಾಟಿದ ಕಾರ್ಮೆಲೊ ತಾನೇ ಮರದ ಕೆಳಗೆ ನಿಂತು ಹೇಳಿಕೊಟ್ಟ.

"ಎಳೀಬೇಡ ಮಗಳೇ. ಅಂಗೈಲಿ ಹಿಡಿದು ಮೇಲಕ್ಕೆ ಎತ್ತು. ಬರೋ ಹಣ್ಣಾದ್ರೆ ತಾನೇ ಬಿಟ್ಟು ಬರುತ್ತೆ. ಬರದಿದ್ರೆ ಇನ್ನೆರಡು ದಿನ ಬಿಟ್ಟು ಬಾ."

ಪ್ರತಿ ಹುಣ್ಣಿಮೆಯ ಸಂಜೆ ಅವಳು ಕಾಲುವೆಗೆ ಹೋಗಿ ಊದುಬತ್ತಿ ಹಚ್ಚಿ ನಾಣ್ಯ ಚೆಲ್ಲುತ್ತಿದ್ದಳು. ಇಲ್ಲ. ಇಲ್ಲ. ಒಂದು ಸಲ ನಕ್ಕ. ಮತ್ತೆ ಇಲ್ಲ. ಕಾರ್ಮೆಲೊ ಒಂದು ಸಂಜೆ ಅಲ್ಲಿ ವಾಹನ ನಿಲ್ಲಿಸಿ ಏನು ಮಾಡುತ್ತಿದ್ದೀಯೆಂದು ಕೇಳಿದ. ಅವಳು ತನಗೆ ಬಂದ ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದಳು. ಮುದುಕ ನಗಲಿಲ್ಲ. "ನಮ್ಮಮ್ಮ ಇಟಲಿಗೆ ವಾಪಸ್ ಹೋಗ್ಬೇಕು, ಹೋಗ್ಬೇಕು ಅಂತಲೇ ಇಲ್ಲಿ ಕಣ್ಮುಚ್ಚಿದ್ಲು. ನಮ್ಮಲ್ಲಿ ಕೇಳೋ ಪದ್ಧತಿ ಇಲ್ಲ. ಇದ್ದಿದ್ರೆ ನಾನೂ ಕೇಳ್ತಿದ್ದೆ" ಎಂದು ಹೋದ.

ಆ ಮನೆಗೆ ಒಂದು ಕಟ್ಟಳೆಯಿತ್ತು. ಬಿಟ್ಟು ಹೋಗುವವನು ತನ್ನ ಹಾಸಿಗೆಗೂ ಕೆಲಸಕ್ಕೂ ಬದಲಿ ಜನ ಕೊಟ್ಟೇ ಹೋಗಬೇಕು. ಹೊಸಬನಿಗೆ ಮೂರು ದಿನ ಕೆಲಸ ಕಲಿಸಿ, ಹಣ್ಣಿನ ಚೀಲ ಅವನ ಕೊರಳಿಗೆ ಹಾಕಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ತನ್ನ ಹೆಸರನ್ನು ತಾನೇ ಹೊಡೆದು ಅವನ ಹೆಸರು ಬರೆಯಬೇಕು. ಎಂಟು ವರ್ಷದಿಂದ ಹೀಗೆ ಒಬ್ಬರ ಹಿಂದೆ ಒಬ್ಬರು ಬಂದು ಹೋಗಿದ್ದರು. ಯಜಮಾನ ಒಂದು ದಿನವೂ ಆಳು ಹುಡುಕಿರಲಿಲ್ಲ. ತೈವಾನಿನ ಮಕ್ಕಳು ಕೈಕೊಟ್ಟು ಹೋಗುವುದಿಲ್ಲ ಎಂಬ ಹೆಸರು ಆ ಪಟ್ಟಿಯಿಂದಲೇ ಬಂದಿತ್ತು.

ಫೆಬ್ರವರಿಯಲ್ಲಿ ಒಬ್ಬ ಹುಡುಗ ಊರಿಗೆ ಹೊರಟ. ತನ್ನ ಹೆಸರು ಹೊಡೆಯುತ್ತಾ ನಿಂತಿದ್ದಾಗ ತೆಷೆಂಗ್ ಅಡುಗೆಮನೆಯಿಂದ ಕೂಗಿದ. "ಸರಿಯಾಗಿ ಗೀಟು ಹಾಕೋ! ಈ ಮನೇಲಿ ಬದಲಿ ಕೊಡದೆ ಓಡಿಹೋದವನು ಒಬ್ಬನೇ, ಅದು ಲಿ..." ಅಷ್ಟರಲ್ಲಿ ವಾನ್‌ರುವನ್ನು ನೋಡಿ ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತು ಅಕ್ಕಾ."

ವಾನ್‌ರುಗೆ ಸಿಟ್ಟು ಬರಲಿಲ್ಲ. ಹೋಗಿ ಪಟ್ಟಿ ನೋಡಿದಳು. ದಿನಕ್ಕೆ ಹತ್ತು ಸಲ ಆ ಫ್ರಿಜ್ಜು ತೆರೆದಿದ್ದಳು, ಗಮನಿಸಿರಲಿಲ್ಲ. ಹಿಂದಿನ ಕೋಣೆಯ ಸಾಲಿನಲ್ಲಿ ಎಲ್ಲ ಹೆಸರಿನ ಮೇಲೂ ಗೀಟು ಬಿದ್ದಿತ್ತು, ತಮ್ಮನ ಹೆಸರೊಂದು ಹಾಗೇ ಇತ್ತು. ಅವಳನ್ನು ನೆಂಟಳೆಂದು ಪಟ್ಟಿಗೆ ಸೇರಿಸಿರಲಿಲ್ಲ. ಲೆಕ್ಕದ ಪ್ರಕಾರ ಲಿವೆಯ್ ಇನ್ನೂ ಈ ಮನೆಯವನೇ. ಚಿಕ್ಕಂದಿನಲ್ಲಿ ಗೆಳೆಯರಿಗೆ ಮಾತು ಕೊಟ್ಟಿದ್ದರೆ ಜ್ವರ ಬಂದರೂ ಆಟಕ್ಕೆ ಹೋಗುತ್ತಿದ್ದ ಹುಡುಗ ಅವನು. "ಬದಲಿ ಕೊಡದೆ ಹೇಗೋ ಬರ್ತೀಯ ನೀನು?" ಎಂದು ಅವಳು ಫ್ರಿಜ್ಜಿನ ಮುಂದೆ ನಿಂತು ಗಟ್ಟಿಯಾಗಿಯೇ ಅಂದಳು.

ಬದಲಿ ಸಿಕ್ಕಿದ್ದು ಆ ವಾರವೇ. ಪೇಚೆನ್ ಎಂಬ ಹುಡುಗಿ, ತೈತುಂಗ್ ಕಡೆಯವಳು, ಇಪ್ಪತ್ತೆರಡು ವರ್ಷ. ಕೊಯ್ಲಿನ ಕಾಲದಲ್ಲಿ ಆ ಊರಿನಲ್ಲಿ ಕೋಳಿಗೂಡು ಕೂಡ ಬಾಡಿಗೆಗೆ ಸಿಗುವುದಿಲ್ಲ. ಅವಳು ಮನೆ ಕೇಳಿ ಕೇಳಿ ಸೋತು, ಪೆಟ್ಟಿಗೆ ಎಳೆದುಕೊಂಡು ಬಾಗಿಲಿಗೆ ಬಂದು ನಿಂತಳು. ಮೂರು ದಿನದಿಂದ ಬಸ್ ನಿಲ್ದಾಣವೇ ಅವಳ ಮನೆಯಾಗಿತ್ತು.

"ಏನೂ ಹೇಳ್ಬೇಡಿ ಅಕ್ಕಾ" ಎಂದು ತೆಷೆಂಗ್ ಪಿಸುಗುಟ್ಟಿದ. "ಪಾಪ, ಮಲಗಿ ನಿದ್ದೆ ಮಾಡ್ಲಿ. ಗೊತ್ತಾದ್ರೆ ಓಡ್ಹೋಗ್ತಾಳೆ, ನಿಮಗೂ ಬದಲಿ ತಪ್ಪುತ್ತೆ."

ವಾನ್‌ರುಗೆ ಹೇಳದೆ ಇರುವ ಆಸೆ ಆಗಲಿಲ್ಲವೆಂದರೆ ಸುಳ್ಳು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಆ ಆಸೆ ಇತ್ತು. ಆದರೆ ಮೋಸದಿಂದ ಕೂರಿಸಿದ ಬದಲಿಯನ್ನು ತಮ್ಮ ಒಪ್ಪುವವನಲ್ಲ. ಹುಡುಗಿಯನ್ನು ಹಿಂದಿನ ಕೋಣೆಗೆ ಕರೆದು, ಹಾಸಿಗೆಯ ಮೇಲೆ ಕೂರಿಸಿ, ಕಾಲುವೆಯಿಂದ ಹಿಡಿದು ನಾಣ್ಯದವರೆಗೆ ಎಲ್ಲ ಹೇಳಿದಳು. ಪೇಚೆನ್ ಎದ್ದು ನಿಂತಳು. ಮುಖ ಬಿಳಿಚಿಕೊಂಡಿತ್ತು. ಟೋಪಿಯನ್ನೂ ಹಾಸಿಗೆಯನ್ನೂ ತನ್ನ ಪೆಟ್ಟಿಗೆಯನ್ನೂ ನೋಡಿದಳು.

"ಅಕ್ಕಾ, ನಿಮ್ಮ ತಮ್ಮ ಗೊರಕೆ ಹೊಡೀತಿದ್ರಾ?"

"ಇಲ್ಲ."

"ಹಾಗಾದ್ರೆ ಬಸ್ ಸ್ಟ್ಯಾಂಡಿಗಿಂತ ವಾಸಿ." ಹಾಗೆಂದವಳು ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ದಿಂಬಿನ ಪಕ್ಕ ಇಟ್ಟು, ಎರಡೂ ಕೈ ಜೋಡಿಸಿದಳು. "ಅಣ್ಣಾ, ನಾನು ಪೇಚೆನ್. ಹಣ್ಣಿನ ಕಾಲ ಮುಗಿಯೋವರೆಗೆ ಇರ್ತೀನಿ. ಜಾಗ ಚೊಕ್ಕಟವಾಗಿ ಇಟ್ಕೋತೀನಿ. ನೀವು ನಿಶ್ಚಿಂತೆಯಾಗಿ ಹೋಗಿ."

ಮೂರು ದಿನ ವಾನ್‌ರು ಅವಳಿಗೆ ಹಣ್ಣು ಎತ್ತುವುದು ಕಲಿಸಿದಳು. ನಾಲ್ಕನೆಯ ಬೆಳಿಗ್ಗೆ ಎಲ್ಲರೂ ಫ್ರಿಜ್ಜಿನ ಮುಂದೆ ಸೇರಿದರು. ಹೋಗುವವನು ತಾನೇ ಗೀಟು ಹಾಕಬೇಕು. ಇವನ ಪರವಾಗಿ ಅಕ್ಕ ಪೆನ್ನು ಹಿಡಿದಳು. ಕೈ ಏಳಲಿಲ್ಲ. ಎಂಟು ತಿಂಗಳು ಕಾಲುವೆಯ ದಂಡೆಯಲ್ಲಿ ಬಾಯಲ್ಲಿ 'ಬಾರೋ' ಎಂದು ಕೂಗುತ್ತಾ, ಮನಸ್ಸಿನಲ್ಲಿ 'ಇನ್ನೊಂದು ತಿಂಗಳು ಇಲ್ಲ ಅನ್ನು' ಎಂದು ತಾನೇ ಬೇಡಿಕೊಂಡಿದ್ದು ಅವಳಿಗೆ ಆಗ ತಿಳಿಯಿತು. ಈ ಗೀಟು ಬಿದ್ದರೆ ಭೂಮಿಯ ಮೇಲೆ ಅವನ ಹೆಸರಿನ ಹಾಸಿಗೆ ಎಲ್ಲೂ ಇರುವುದಿಲ್ಲ. ಅವನು ಮಲಗಿದ್ದಲ್ಲಿ ಮಲಗಿ, ಅವನ ಏಣಿ ಹತ್ತಿ, ಅವಳು ಅವನ ಜೊತೆಯಲ್ಲೇ ಇದ್ದಳು. ತೆಷೆಂಗ್ ಗೋಡೆಯ ಕಡೆ ತಿರುಗಿದ. ವಾನ್‌ರು ಗೀಟು ಹಾಕಿದಳು. ಪೇಚೆನ್ ಕೆಳಗೆ ತನ್ನ ಹೆಸರು ಬರೆದಳು.

ಆ ಸಂಜೆ ಕಾಲುವೆಯ ಹತ್ತಿರ ನಾಣ್ಯ ಚೆಲ್ಲಿದಾಗ ಒಂದು ಮುಖ ಮೇಲೆ ಬಿತ್ತು, ಒಂದು ಕೆಳಗೆ. ಅವಳು ಅಲ್ಲೇ ಹುಲ್ಲಿನ ಮೇಲೆ ಕೂತಳು. ಎಷ್ಟು ಕಾದಿದ್ದ ಉತ್ತರವೋ ಅಷ್ಟೇ ಸಂಕಟ ತಂದಿತು.

ರೈಲು ನಿಲ್ದಾಣಕ್ಕೆ ಕಾರ್ಮೆಲೊ ತಾನೇ ಕರೆದುಕೊಂಡು ಹೋದ. ಅವಳು ತಮ್ಮನ ಟೋಪಿ ಹಿಡಿದು ಮುಂದೆ ಕೂತಳು. ಮುದುಕ ಹಿಂದಿನ ಬಾಗಿಲು ತೆರೆದು, ಒಬ್ಬ ಮನುಷ್ಯ ಹತ್ತಿ ಕೂರುವಷ್ಟು ಹೊತ್ತು ಕಾದು, ಮೆಲ್ಲಗೆ ಮುಚ್ಚಿದ. ಕರೆದೊಯ್ಯುವವರು ಪ್ರತಿ ಸೇತುವೆಯಲ್ಲೂ ಪ್ರತಿ ತಿರುವಿನಲ್ಲೂ ಸತ್ತವನ ಹೆಸರು ಹಿಡಿದು ಕೂಗಿ ದಾರಿ ಹೇಳಬೇಕು, ಇಲ್ಲದಿದ್ದರೆ ಜೀವ ದಾರಿ ತಪ್ಪುತ್ತದೆ. ಗೋಲ್ಬರ್ನ್ ನದಿಯ ಸೇತುವೆ ಬಂದಾಗ ತಿರುವುಗಳಲ್ಲಿ ಅವಳು ಕೂಗಿದ್ದನ್ನು ಕೇಳಿದ್ದ ಕಾರ್ಮೆಲೊ ತಾನಾಗಿಯೇ ನಿಧಾನ ಮಾಡಿದ. ಹಿಂದಿನ ಲಾರಿಯವನು ಹಾರ್ನ್ ಬಾರಿಸಿದ, ಬಾರಿಸಿಕೊಳ್ಳಲಿ ಎಂದು ಬಿಟ್ಟ.

"ಲಿವೆಯ್, ಸೇತುವೆ ಬಂತು ಕಣೋ. ದಾಟು. ಅಕ್ಕ ಇದ್ದೀನಿ, ದಾಟು."

ರೈಲಿನಲ್ಲಿ ಹೇಳಿದಳು, ವಿಮಾನದ ಬಾಗಿಲಲ್ಲಿ ಹೇಳಿದಳು. ಗಗನಸಖಿ ತಿರುಗಿ ನೋಡಿದರೂ ನಿಲ್ಲಿಸಲಿಲ್ಲ. ಚಿಯಾಯಿ ನಿಲ್ದಾಣದಲ್ಲಿ ಇಳಿದು, ಮಾರುಕಟ್ಟೆಯ ತಿರುವಿನಲ್ಲಿ, "ಇನ್ನು ನಿನಗೇ ಗೊತ್ತಲ್ಲ ದಾರಿ" ಎಂದಳು.

ಮಧ್ಯಾಹ್ನದ ಗಿರಾಕಿಗಳು ಊಟಕ್ಕೆ ಕೂತಿದ್ದರು. ಅಪ್ಪ ತೊಟ್ಟಿಯ ಮುಂದೆ ಬಟ್ಟಲು ತೊಳೆಯುತ್ತಿದ್ದ. ವಾನ್‌ರು ಮೂಲೆಯ ಮೇಜಿನ ಮೇಲೆ ಟೋಪಿ ಇಟ್ಟಳು. ಅಮ್ಮ ಅದನ್ನು ನೋಡಿದಳು, ಮಗಳನ್ನು ನೋಡಿದಳು.

"ಬಂದ್ನಾ?"

"ಬಂದ ಅಮ್ಮಾ."

ಅಮ್ಮ ಒಂದು ಬಟ್ಟಲು ಅನ್ನ ತುಂಬಿ, ಮೇಲೆ ಕೋಳಿಯ ಎಳೆಗಳನ್ನು ಹರಡಿ, ಕೊಬ್ಬಿನ ಸಾರು ಸುರಿದು ಟೋಪಿಯ ಮುಂದೆ ತಂದಿಟ್ಟಳು. ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಎರಡು ವರ್ಷ! ಎರಡು ವರ್ಷ ಬೇಕಾಯ್ತೇನೋ ನಿನಗೆ ಮನೆ ದಾರಿ ಹಿಡಿಯೋಕೆ, ದರಿದ್ರದವನೇ! ಅಪ್ಪ ಬಂದು ಕರೆದ್ರೆ ಬರಕ್ಕಾಗ್ಲಿಲ್ವಾ? ಅಕ್ಕನ ಕೈ ನೋಡು ಹೇಗೆ ಬಿರಿದಿದೆ, ನಾಚಿಕೆ ಆಗಲ್ವಾ? ಏನು ನೋಡ್ತಾ ನಿಂತಿದ್ದೀಯ, ಕೂತ್ಕೊ! ಆರಿಹೋದ್ಮೇಲೆ ತಿಂತೀಯಾ?"

ಗಲ್ಲಿಯವರೆಲ್ಲ ಬಾಗಿಲಿಗೆ ಬಂದರು. ಗಿರಾಕಿಗಳು ಊಟದ ಕಡ್ಡಿ ಕೆಳಗಿಟ್ಟರು. ಅಪ್ಪ ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡ. ಅನ್ನದ ಹಬೆ ನಿಲ್ಲುವವರೆಗೂ ಅಮ್ಮ ಬೈಯುತ್ತಲೇ ಇದ್ದಳು. ಹಬೆ ನಿಂತ ಮೇಲೆ ಕುರ್ಚಿಯಲ್ಲಿ ಕೂತು, ಟೋಪಿಯನ್ನು ಮಡಿಲಿಗೆ ಎಳೆದುಕೊಂಡು, ಎರಡು ವರ್ಷದಲ್ಲಿ ಮೊದಲ ಸಲ ಅತ್ತಳು.