ಪಂಕ್ತಿಯಲ್ಲಿ ಕೂರದ ದೊಡ್ಡಮ್ಮ

ಎದುರು ಮನೆಯ ದೊಡ್ಡಮ್ಮ ಜಗಲಿಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದರು. ಮುಖ ಬಾಗಿಲಿಗೆ, ಬೆನ್ನು ಬೀದಿಗೆ. ಎರಡೂ ಕೈಯಲ್ಲಿ ಕಂಬ ಹಿಡಿದು ಒಂದು ಕಾಲಿಳಿಸಿ, ನಿಂತು, ಆಮೇಲೆ ಇನ್ನೊಂದು. ಮನೆದೇವರಿಗೆ ಬೆನ್ನು ತೋರಿಸಬಾರದೆಂಬ ವ್ರತವೇನೋ ಎಂದು, ಅಜ್ಜಂಪುರದ ಆ ಬೀದಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಅಂದುಕೊಂಡಿದ್ದೆ. ಕೇಳಿಯೂ ಬಿಟ್ಟೆ. "ವ್ರತ ಅಲ್ಲ ಕಣೇ, ಮಂಡಿ" ಅಂದರು.

ಅವರು ನನಗೆ ಸಂಬಂಧಿಯಲ್ಲ, ಬೀದಿಗೆಲ್ಲ ದೊಡ್ಡಮ್ಮ. ಸಮನೆಲದ ಮೇಲೆ ನಡೆಯಲು ಅವರಿಗೆ ಅಷ್ಟೇನೂ ತೊಂದರೆಯಿರಲಿಲ್ಲ. ಗೃಹಪ್ರವೇಶವಿರಲಿ, ನಾಮಕರಣವಿರಲಿ, ಮಠದ ದಾಸೋಹವಿರಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾರಿನ ಬಕೆಟ್ಟು ಹಿಡಿದರೆಂದರೆ ಕೊನೆಯ ಪಂಕ್ತಿ ಏಳುವವರೆಗೂ ಕೆಳಗಿಡುತ್ತಿರಲಿಲ್ಲ. ಬಡಿಸೋದಾದ್ರೆ ದೊಡ್ಡಮ್ಮನೇ ಎಂದು ಊರೇ ಹೊಗಳುತ್ತಿತ್ತು. ಅವರು ಊಟ ಮಾಡಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಕೇಳಿದರೆ, "ಬಡಿಸ್ದೋರ್ಗೆ ವಾಸ್ನೇಲೇ ಹೊಟ್ಟೆ ತುಂಬುತ್ತೆ" ಎಂದು ಮಾತು ಹಾರಿಸುತ್ತಿದ್ದರು.

ನನ್ನ ಕುತೂಹಲಕ್ಕೆ ನಮ್ಮ ಮನೆಯವರು ಬೇರೆಯೇ ಹೆಸರಿಟ್ಟಿದ್ದಾರೆ, ಇರಲಿ. ಒಂದು ದಾಸೋಹದ ದಿನ ಅವರ ಹಿಂದೆಯೇ ಹೋಗಿ ನೋಡಿದೆ. ಒಲೆಗಳ ಆಚೆ, ಬೋರಲು ಹಾಕಿದ ಕೊಳದಪ್ಪಲೆಯ ಮೇಲೆ ಎಲೆಯಿಟ್ಟುಕೊಂಡು ನಿಂತೇ ಉಣ್ಣುತ್ತಿದ್ದರು.

"ಕೂತ್ರೆ ಏಳಕ್ಕಾಗಲ್ಲ ಕಣೇ. ಇಬ್ರು ಕಂಕುಳಿಗೆ ಕೈ ಹಾಕಿ ಎತ್ಬೇಕು. ಅಷ್ಟು ಜನದ ಮುಂದೆ ಅದ್ಯಾಕೆ ಅಂತ ಬಕೆಟ್ ಹಿಡ್ದೆ. ಊರೋರು ಅದನ್ನೇ ಸೇವೆ ಅಂದ್ರು."

"ಕುರ್ಚಿ ಮೇಜು ಹಾಕಿರ್ತಾರಲ್ಲ ದೊಡ್ಡಮ್ಮ?"

"ಮೂಲೇಲಿ ಹಾಕಿರ್ತಾರೆ. ನಂಗೆ ಮೂಲೆ ಬೇಡ. ಎಲ್ಲರ ಜತೆ ಕೂತು ಎಲ್ಲರ ಜತೆ ಏಳ್ಬೇಕು. ಒಂದೇ ಒಂದ್ಸಲ."

ಕಡೂರಿನಲ್ಲಿ ವ್ಯಾಯಾಮ ಕಲಿಸಿ ಮಂಡಿನೋವು ನೋಡುವ ಫಿಸಿಯೋಥೆರಪಿ ಡಾಕ್ಟರಿದ್ದಾರೆಂದು ಯಾರೋ ಹೇಳಿದರು. ಕರೆದುಕೊಂಡು ಹೋದೆ. ನೋಡಿದರೆ ಎಳೆಯ ಹುಡುಗಿ. ಎಕ್ಸ್‌ರೇ ನೋಡಿ, ಕಾಲು ಮಡಚಿಸಿ, ಚಾಚಿಸಿ, ಕೊನೆಗೆ "ನಿಮ್ಗೆ ಏನು ಮಾಡಕ್ಕಾಗ್ಬೇಕು?" ಅಂದಳು.

"ಪಂಕ್ತೀಲಿ ಕೂತು ಉಣ್ಬೇಕು."

ಹುಡುಗಿ ನಗಲಿಲ್ಲ. ಸುರುಳಿ ಸುತ್ತಿದ ಟವೆಲನ್ನು ಮಂಡಿಯಡಿ ಇಟ್ಟು ಒತ್ತುವುದನ್ನೂ ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದನ್ನೂ ಕಲಿಸಿದಳು. ಎಣ್ಣೆಯಿಲ್ಲ, ಇಂಜೆಕ್ಷನ್ನಿಲ್ಲ. ದೊಡ್ಡಮ್ಮನಿಗೆ ಮೋಸಹೋದಂತಾಯಿತು. "ಕುಂಟೋ ಎತ್ತಿಗೇ ನೊಗ ಹೂಡ್ತೀಯಲ್ಲವ್ವಾ!"

"ಮಂಡಿ ಮೇಲಿನ ಭಾರನ ತೊಡೆ ಹೊತ್ಕೋಬೇಕು ದೊಡ್ಡಮ್ಮ. ಅದಕ್ಕೇ ತೊಡೆಗೆ ಕೆಲ್ಸ ಕೊಡೋದು."

ಮುಂದಿನ ಮಂಗಳವಾರ ದೊಡ್ಡಮ್ಮನ ಮನೆಗೆ ಹೋಗಿ ನೋಡಿದರೆ ಮಂಡಿ ಊದಿಕೊಂಡಿದೆ. ವಿಚಾರಿಸಿದಾಗ ತಿಳಿಯಿತು: ವಾರದ ವ್ಯಾಯಾಮವನ್ನೆಲ್ಲ ಸೋಮವಾರ ಉಪವಾಸವಿದ್ದು, ಪೂಜೆ ಮುಗಿಸಿ, ಒಂದೇ ಸಲಕ್ಕೆ ಮಾಡಿ ಕೈತೊಳೆದುಕೊಂಡಿದ್ದಾರೆ! "ಸೋಮಾರ ಮಾಡಿದ್ರೆ ಫಲ ಜಾಸ್ತಿ ಅಲ್ವೇನೇ?" ಎಂದು ನನ್ನನ್ನೇ ಕೇಳಿದರು. ಸ್ಪೀಕರಿಗೆ ಹಾಕಿ ಫೋನ್ ಮಾಡಿದರೆ ಹುಡುಗಿ ಈ ಸಲ ನಕ್ಕೇಬಿಟ್ಟಳು. "ಶಿವನಿಗೆ ಸೋಮವಾರ ಸಾಕು ದೊಡ್ಡಮ್ಮ. ಮಂಡಿಗೆ ದಿನಾ ಬೇಕು, ಸ್ವಲ್ಪಸ್ವಲ್ಪ. ಊತ ಇಳಿಯೋವರ್ಗೂ ಇನ್ನೂ ಕಮ್ಮಿ."

ಆಮೇಲೆ ಅದು ಅವರಿಗೊಂದು ಆಟವೇ ಆಯಿತು. ಕುಕ್ಕರ್ ಕೂಗಿದಾಗೆಲ್ಲ ಕುರ್ಚಿಯಿಂದ ಎದ್ದು ಕೂರುವುದು, ಧಾರಾವಾಹಿಯ ನಡುವೆ ಜಾಹೀರಾತು ಬಂದರೆ ಟವೆಲ್ ಒತ್ತುವುದು. ನಡುವೆ ನೋವು ಮರುಕಳಿಸಿ, ಹುಡುಗಿಯನ್ನೂ ನನ್ನನ್ನೂ ಸೇರಿಸಿ ಬೈದು, ಎಲ್ಲ ಬಿಟ್ಟು ಕೂತದ್ದೂ ಉಂಟು. ಕೂರುವ ಎತ್ತರವನ್ನು ಹುಡುಗಿ ಹೇಳಿದಂತೆ ಇಳಿಸುತ್ತ ಬಂದರು. ಕುರ್ಚಿಯಾಯಿತು, ಸ್ಟೂಲಾಯಿತು, ಆಮೇಲೆ ಇಟ್ಟಿಗೆಗಳ ಮೇಲಿಟ್ಟ ಮಣೆ. ಒಂದೊಂದು ಇಟ್ಟಿಗೆ ತೆಗೆದಾಗಲೂ ನನ್ನನ್ನು ಕೂಗಿ ಕರೆದು ತೋರಿಸುತ್ತಿದ್ದರು.

ಮರುವರ್ಷದ ಶ್ರಾವಣದ ದಾಸೋಹದಲ್ಲಿ ದೊಡ್ಡಮ್ಮ ಬಕೆಟ್ ಹಿಡಿಯಲಿಲ್ಲ. ನನ್ನ ಪಕ್ಕ, ಪಂಕ್ತಿಯ ಕೊನೆಯಲ್ಲಿ, ಗೋಡೆಗೆ ಕೈಯೂರಿ ನಿಧಾನಕ್ಕೆ ನೆಲದ ಮೇಲೆ ಕೂತರು. ಎಡಗಾಲು ಸಲೀಸಾಗಿ ಮಡಚಿತು. ಬಲಮಂಡಿ ನೆಲಕ್ಕೆ ತಾಗದೆ ತುಸು ಮೇಲೆಯೇ ನಿಂತಿತು. "ಈ ವಯಸ್ಸಲ್ಲಿ ಯಾಕ್ ದೊಡ್ಡಮ್ಮ ಕಷ್ಟ?" ಅಂದ ಬಡಿಸುವವನಿಗೆ, "ಸತ್ಮೇಲೆ ಹೆಂಗೂ ನೀವೇ ಕೂರಿಸ್ತೀರ. ಬದ್ಕಿದ್ದಾಗ ನಾನೇ ಕೂರ್ತೀನಿ. ಸಾರು ಹಾಕು" ಅಂದರು. ಎರಡು ತುತ್ತು ಉಂಡು ಕಣ್ಣರಳಿಸಿದರು. "ಲೇ, ಪಂಕ್ತಿ ಕೊನೇಗೆ ಬರೋ ಹೊತ್ಗೆ ಸಾರು ತಣ್ಣಗಾಗಿರುತ್ತಲ್ಲೇ! ಇಷ್ಟ್ ವರ್ಷ ಯಾರೂ ಹೇಳ್ಲೇ ಇಲ್ವಲ್ಲ!"

ಎಲ್ಲರೂ ಏಳುವಾಗ ನಾನು ಕೈಚಾಚಿದೆ. ತಳ್ಳಿದರು. ಪಕ್ಕಕ್ಕೆ ವಾಲಿ, ಅಂಗೈಯೂರಿ, ಒಂದು ಮಂಡಿಯ ಮೇಲೆ ಬಂದು, ಎದ್ದರು. ನನಗಾದ ಸಂತೋಷಕ್ಕೆ ಎಂಜಲುಗೈಯಲ್ಲೇ ಅವರನ್ನು ತಬ್ಬಿಕೊಂಡೆ, ಸೀರೆಯೆಲ್ಲ ಸಾರಾಯಿತೆಂದು ಬೈಸಿಕೊಂಡೆ.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಎದೆನೋವೆಂದವರು ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟರು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಚಿ ಕೂರಿಸುತ್ತೇವೆ, ಹಾಗೆಯೇ ಸಮಾಧಿ ಮಾಡುತ್ತೇವೆ. ಕೂರಿಸಲು ಬಂದ ಹಿರಿಯರೊಬ್ಬರು, "ಮಂಡಿ ಹಿಡ್ಕೊಂಡಿದ್ವಲ್ಲ, ಮಡಚ್ತಾವಾ?" ಎಂದು ಅನುಮಾನಿಸಿದರು.

"ಮಡಚ್ತಾವೆ" ಅಂದೆ. "ಎಡಗಾಲು ಮೊದ್ಲು. ಬಲಮಂಡಿ ಸ್ವಲ್ಪ ಮೇಲೇ ನಿಲ್ಲುತ್ತೆ, ಒತ್ಬೇಡಿ. ಅವರು ಕೂರೋದೇ ಹಂಗೆ."