ಮಾಣಿಕಪ್ಪ ಪೇಂಟರರ ಎರಡು ಸಾಲು

ಪಕ್ಕದ ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದಾರೆ. ಎಣ್ಣೆಬಣ್ಣ, ಟರ್ಪೆಂಟೈನುಗಳ ಘಾಟು ಬೆಳಿಗ್ಗೆಯಿಂದ ನಮ್ಮ ಕಿಟಕಿಯೊಳಗೆ ಬರುತ್ತಿದೆ. ತಲೆ ನೋಯುತ್ತದೆ, ಕಿಟಕಿ ಹಾಕಿರಿ ಎಂದು ಹೆಂಡತಿ ಎರಡು ಸಲ ಹೇಳಿದಳು. ನನಗೆ ಮನಸ್ಸಾಗಲಿಲ್ಲ. ಈ ವಾಸನೆ ಬಂದರೆ ಸಾಕು, ಹುಮನಾಬಾದಿನ ನನ್ನ ಮನೆಯಲ್ಲಿ ಕೂತಿದ್ದರೂ ಬಸವಕಲ್ಯಾಣದ ಒಂದು ಪಡಸಾಲೆ ಕಣ್ಣಮುಂದೆ ಬರುತ್ತದೆ. ಅಲ್ಲಿ ಮಾಣಿಕಪ್ಪ ಪೇಂಟರ್ ಗೋಡೆಗೆ ಒರಗಿ ಕೂತಿರುತ್ತಾರೆ. ಅವರ ವಿಷಯ ನಿಮಗೆ ಹೇಳಬೇಕು. ಹೇಳಿದರೆ ನನ್ನ ಬಗ್ಗೆ ನಿಮಗೆ ಒಳ್ಳೆಯ ಅಭಿಪ್ರಾಯವೇನೂ ಉಳಿಯಲಾರದು. ಇರಲಿ.

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಕಂಪ್ಯೂಟರ್ ಎಂದರೆ ಅಂಕಪಟ್ಟಿ ತುಂಬುವ ಯಂತ್ರ ಎಂದಷ್ಟೇ ತಿಳಿದವನು. ಅಂಥವನನ್ನು ಹಳೆಯ ಸಹಪಾಠಿಯೊಬ್ಬ ಒಂದು ಸಮಿತಿಗೆ ಎಳೆದುಕೊಂಡ. ಅಂತರ್ಜಾಲದ ವಿಳಾಸಗಳನ್ನು ಕನ್ನಡ ಲಿಪಿಯಲ್ಲೂ ಬರೆಯಬಹುದು ಎಂದಾದಾಗ, ಅದರಲ್ಲಿ ಯಾವ ಅಕ್ಷರ ಸಲ್ಲುತ್ತದೆ, ಯಾವುದು ಸಲ್ಲದು ಎಂದು ನೋಡುವ ಸಮಿತಿ. ಸಂಬಳವಿಲ್ಲ, ಭತ್ಯೆಯಿಲ್ಲ. ವಾರಕ್ಕೊಮ್ಮೆ ಪರದೆಯ ಮುಂದೆ ಕೂತು ಬೇರೆ ಬೇರೆ ಊರಿನವರೊಂದಿಗೆ ಚರ್ಚೆ. ಹೊಲ ಮನೆಗಳು ಯಾರ ಹೆಸರಿನಲ್ಲಿವೆ ಎಂದು ನೋಡಲು ಊರಲ್ಲೊಂದು ದಫ್ತರ ಇರುವಂತೆ ಈ ವಿಳಾಸಗಳಿಗೂ ನೋಂದಣಿ ಕಚೇರಿಗಳಿವೆ. ಅವುಗಳನ್ನು ನಡೆಸುವವರು ತಮಗೆ ತೋಚಿದಂತೆ ನಡೆಸುವಂತಿಲ್ಲ. ನಿಯಮದ ಕರಡನ್ನು ಎಲ್ಲರೆದುರು ಇಡಬೇಕು. ಅದರ ಮೇಲೆ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ಬಂದದ್ದನ್ನು ಬರೆದವರ ಹೆಸರಿನೊಂದಿಗೆ ಪ್ರಕಟಿಸಿ ಉತ್ತರ ಹೇಳಬೇಕು. ಇದು ನನಗೆ ಬಹಳ ಹಿಡಿಸಿತ್ತು. ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ, ಕನ್ನಡದ ಅಕ್ಷರಗಳೆಲ್ಲ ನನ್ನ ಒಪ್ಪಿಗೆಗಾಗಿ ಸಾಲುಗಟ್ಟಿ ನಿಂತಿವೆ ಎನ್ನುವಂತೆ ಮಾತಾಡುತ್ತಿದ್ದೆ.

ತೊಡಕು ಬಂದದ್ದು ಕನ್ನಡ ಮತ್ತು ತೆಲುಗು ಲಿಪಿಗಳ ನಡುವೆ. ಅ, ಇ, ಜ, ಬ, ಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ. ಒಬ್ಬರು ಕನ್ನಡದಲ್ಲಿ ನೋಂದಾಯಿಸಿದ ಹೆಸರಿನೊಳಗೆ ಇನ್ನೊಬ್ಬ ಒಂದು ತೆಲುಗು ಅಕ್ಷರ ಸೇರಿಸಿ, ನೋಡಲು ಅಂಥದೇ ಹೆಸರನ್ನು ತನ್ನದಾಗಿಸಿಕೊಂಡು ಜನರನ್ನು ದಾರಿ ತಪ್ಪಿಸಬಹುದು. ಹಾಗಾದರೆ ಯಾವ ಜೋಡಿಗಳನ್ನು ಒಂದೇ ಎಂದು ಎಣಿಸಬೇಕು? "ನಿಮ್ಮ ಕಡೆ ಎರಡೂ ಲಿಪಿ ಬರೆಯುವ ಪೇಂಟರುಗಳಿರಬೇಕಲ್ಲ, ಕೇಳಿ ನೋಡಿ" ಎಂದರು ಸಮಿತಿಯ ಹಿರಿಯರು. ಹಾಗೆ ನಾನು ಬಸವಕಲ್ಯಾಣದ ಬಸ್ಸು ಹತ್ತಿದೆ.

ಆ ಊರಿನ ತ್ರಿಪುರಾಂತದ ಕಡೆ ಮಾಣಿಕಪ್ಪನವರ ಮನೆ. ಮನ್ನಾಏಖೇಳ್ಳಿಯ ಹೆದ್ದಾರಿ ಅಂಗಡಿಗಳಿಗೆ ಮೇಲೆ ಕನ್ನಡ, ಕೆಳಗೆ ತೆಲುಗು ಬರೆದವರು ಅವರೇ. ಹಳ್ಳಿಖೇಡದ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ದೇವರ ಹೆಸರು, ಮಕ್ಕಳ ಹೆಸರು ಬರೆದವರೂ ಅವರೇ. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯಿತು. ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗಿಳಿಯಿತು. ನಾನು ಹೋದಾಗ ಎದುರಿಗೆ ನಿಂತವರ ಗುರುತು ಅವರಿಗೆ ದನಿಯಿಂದಷ್ಟೇ ಸಿಗುತ್ತಿತ್ತು.

ಬಂದ ಕೆಲಸ ಹೇಳಿದೆ. ಅವರಿಗೆ ನಗು ಬಂತು.

"ಒಂದೇ ಅದಾವಂತ ಯಾರ್ ಹೇಳ್ಯಾರ್ರಿ ಸರ್ ನಿಮಗ? ಕನ್ನಡದ ಬ ಬರಿವಾಗ ಕೈ ಅಗಲ ಹೋಗ್ತದ. ತೆಲುಗಿನ ಬ ದುಂಡಗ ಕುಂದರ್ತದ. ಬ್ರಷ್ ಹಿಡಿದಾಂವಗ ಮಾಲೂಮ್ ಆಗ್ತದ ನೋಡ್ರಿ."

ನಾನು ಬರೆದುಕೊಂಡೆ. ಸ್ವಲ್ಪ ಹೊತ್ತಿಗೆ ಅವರೇ ಕೇಳಿದರು: "ಈ ನಿಮ್ಮ ಅಂತರ್ಜಾಲದ ಹೆಸರಿನಾಗ ಕಂಸ ನಡೀತದೇನ್ರಿ?"

"ಇಲ್ಲ, ನಡೆಯೂದಿಲ್ಲ."

"ಹಂಗಾದ್ರ ಹಳ್ಳಿಖೇಡ ಬಿ ಹ್ಯಾಂಗ ಬರೀತೀರಿ? ಊರ ಬೋರ್ಡಿನಾಗ ಬಿ ಕಂಸದಾಗ ಅದ. ಅರ್ಧ ಊರ ಹೊರಗ ಉಳೀತಲ್ರಿ!"

ಒಳಗಿನಿಂದ ಚಹಾ ತಂದ ಅವರ ಹೆಂಡತಿ ಗುಂಡಮ್ಮ, ಬಹಳ ದಿನಕ್ಕೆ ನಕ್ಕಿರಿ ನೋಡ್ರಿ ಎಂದಳು.

ಅಷ್ಟರಲ್ಲಿ ಮಗಳು ಕಸ್ತೂರಿ ಬಂದಳು. ಮೂವತ್ತೈದು ದಾಟಿದ ಹೆಂಗಸು. ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿಯೊಂದರಲ್ಲಿ ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸ. ಚಿಕ್ಕಂದಿನಲ್ಲಿ ಅಪ್ಪನ ಕೈಕೆಳಗೆ ಎರಡೂ ಲಿಪಿ ತಿದ್ದಿದವಳು. ನಮ್ಮ ಮಾತನ್ನು ಸುಮ್ಮನೆ ಕೇಳಿ, ಸೀಮೆಸುಣ್ಣದ ಖಡು ತಗೊಂಡು ನೆಲದ ಮೇಲೆ ಎರಡು ದೊಡ್ಡ ಅಕ್ಷರ ಬರೆದಳು.

"ಅಪ್ಪಾ, ಇದರಾಗ ತೆಲುಗಿನ ಲ ಯಾವುದು ಹೇಳು."

ಮಾಣಿಕಪ್ಪ ನೆಲಕ್ಕೆ ಬಾಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಬೆರಳಾಡಿಸಿದರು. ಖಡುವಿನ ಪುಡಿ ಬೆರಳಿಗೆ ಹತ್ತಿತು. ಬಲಗಡೆಯದು ಎಂದರು. ಅದು ಎಡಗಡೆಯದಾಗಿತ್ತು. ಇನ್ನೊಂದು ಸಲ ಬರೆದಳು. ಮತ್ತೆ ತಪ್ಪಿತು. ಮೂರನೆಯ ಸಲ ಅವರು ನೋಡಲೇ ಇಲ್ಲ.

"ನಿನ್ನ ಕಣ್ಣಿಂದೇನು ತಪ್ಪಲ್ಲ ಅಪ್ಪಾ," ಎಂದಳು ಆಕೆ. "ನನ್ನ ಕಣ್ಣ ಛಲೋ ಇತ್ತು. ನಾನೂ ಮೋಸ ಹೋದೆ."

ಆ ಸಂಗತಿ ನನಗೆ ಆಗ ತಿಳಿಯಿತು. ಶಿಕ್ಷಕಿಯ ಹುದ್ದೆಗೆಂದು ಎರಡು ವರ್ಷ ಕೂತು ಓದಿದ್ದಳಂತೆ. ಅರ್ಜಿ ಹಾಕುವ ವಿಳಾಸ ಯಾರಿಂದಲೋ ಫೋನಿಗೆ ಬಂತು. ಅದರಲ್ಲಿ ಇಂಗ್ಲಿಷಿನ ಎಲ್ ಇರಬೇಕಾದಲ್ಲಿ ಒಂದು ಎಂಬ ಅಂಕಿ ಇತ್ತು. ಹೆಸರು, ಫೋಟೋ, ಸಹಿ ಎಲ್ಲ ತುಂಬಿದಳು. ಗೆಳತಿಯರಿಗೆ ಹಾಲ್ ಟಿಕೆಟ್ ಬಂದರೂ ತನಗೆ ಬರಲಿಲ್ಲ ಎಂದಾಗಲೇ ಅದು ಸುಳ್ಳು ಜಾಲತಾಣ ಎಂದು ಗೊತ್ತಾದದ್ದು. ಅಷ್ಟರಲ್ಲಿ ನಿಜವಾದದ್ದಕ್ಕೆ ಕೊನೆಯ ದಿನ ಮುಗಿದಿತ್ತು. ಮುಂದಿನ ಸಲ ಕರೆಯುವಷ್ಟರಲ್ಲಿ ವಯಸ್ಸು ಮೀರಿತ್ತು.

"ಆವಾಗ ನಂಗ ಕಾಣಸ್ತಿದ್ರ ನಾ ಹಿಡೀತಿದ್ದೆ ಸರ್," ಎಂದರು ಮಾಣಿಕಪ್ಪ. "ಫೋನ್ ತಂದು ತೋರಿಸಿದಳು, ಅಪ್ಪಾ ನೋಡು, ಇದೇ ಇಲಾಖೆದು ಅಂದಳು. ನಂಗೇನೂ ಕಾಣಲಿಲ್ಲ. ಹ್ಞೂಂ ಅಂದೆ. ಮನಿಯಾಗ ಪೇಂಟರ್ ಇದ್ದು, ಮಗಳು ಒಂದು ಅಕ್ಷರಕ್ಕ ಕೆಟ್ಟಳು."

ಗುಂಡಮ್ಮ ಖಾಲಿ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಾಣಿಕಪ್ಪ ಬೆರಳಿಗೆ ಹತ್ತಿದ ಪುಡಿ ಒರೆಸಿಕೊಂಡು, ಬರಕೋರಿ ಎಂದರು. ಅವರು ಹೇಳಿದ ಎರಡು ಸಾಲು ಇವು:

"ಕನ್ನಡದ ಬ, ಲ, ತೆಲುಗಿನ ಬ, ಲ ಬರಿಯಾಂವಗ ಬ್ಯಾರೆ ಬ್ಯಾರೆ, ಓದಾಂವಗ ಒಂದೇ. ನಾವು ಬರಿಯೋದು ಓದಾಂವನ ಸಲ್ಯಾಕ, ಅಂವನ ಕಣ್ಣಿಗ ಮೋಸ ಆಗಬಾರ್ದು."

"ಇದನ್ನ ನಿಮ್ಮ ಹೆಸರಿನ ಮ್ಯಾಲೇ ಕಳಸೂಣು," ಎಂದೆ. "ಯಾರ ಬೇಕಾದ್ರೂ ಕಳಸಬಹುದು. ಅವರು ಓದಲೇಬೇಕು, ಉತ್ತರನೂ ಕೊಡಬೇಕು."

"ನನ್ನ ಹೆಸರು ಹಾಕ್ತಾರೇನ್ರಿ?"

"ಹಾಕ್ತಾರ."

ಅವರು ಕೂತಲ್ಲೇ ನೆಟ್ಟಗಾದರು. ನಲವತ್ತು ವರ್ಷ ಬೇರೆಯವರ ಹೆಸರು ಬರೆದವರು. ಬೋರ್ಡಿನ ಮೂಲೆಯಲ್ಲಿ ಸಣ್ಣಗೆ ತಮ್ಮ ಹೆಸರು ಹಾಕಿದರೂ ಎಷ್ಟೋ ಮಾಲೀಕರು ಅದನ್ನು ಒರೆಸಿಸುತ್ತಿದ್ದರಂತೆ.

ಇನ್ನು ನನ್ನ ಕಥೆ. ಅಭಿಪ್ರಾಯ ಕಳಿಸಲು ಒಂದು ತಿಂಗಳಿಗೂ ಹೆಚ್ಚು ಕಾಲವಿತ್ತು. ಆ ಎರಡು ಸಾಲನ್ನು ಅವತ್ತೇ ಕಳಿಸಿದ್ದರೆ ಐದು ನಿಮಿಷದ ಕೆಲಸ. ಆದರೆ ನಾನು ಕನ್ನಡದ ಮೇಷ್ಟ್ರು. "ಬರಿಯಾಂವಗ" ಎಂದು ಜಗತ್ತಿನ ಮುಂದೆ ಹೇಗೆ ಇಡುವುದು? "ಬರೆಯುವವನಿಗೆ" ಎಂದು ತಿದ್ದಿದೆ. ಬರಿಯ ಎರಡು ಸಾಲಿಗೆ ತೂಕ ಸಾಲದು ಎನಿಸಿ ಶಾಸನಗಳ ಕಾಲದಿಂದ ಲಿಪಿ ಬೆಳೆದ ಬಗೆ ಸೇರಿಸಿದೆ. ಅಡಿಟಿಪ್ಪಣಿ ಹಾಕಿದೆ. ನಾಲ್ಕು ಪುಟವಾಯಿತು. ನನಗೇ ಮೆಚ್ಚುಗೆಯಾಗಿ ಇನ್ನಷ್ಟು ತಿದ್ದಿದೆ. ನಡುವೆ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋದೆ. ಬಂದು ನೋಡಿದರೆ ಗಡುವು ಮುಗಿದು ಮೂರು ದಿನವಾಗಿತ್ತು.

ಜೋಡಿಗಳೇನೋ ನಿಯಮದಲ್ಲಿ ಸೇರಿದವು. ಸಭೆಯಲ್ಲಿ ಮಾಣಿಕಪ್ಪನವರ ವಾದವನ್ನು ನಾನೇ ಮಂಡಿಸಿದ್ದೆ, ಎಲ್ಲರೂ ತಲೆದೂಗಿದ್ದರು. ಪ್ರಕಟವಾದ ಕಡತದಲ್ಲಿ ಸದಸ್ಯರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅವರದು ಎಲ್ಲೂ ಇರಲಿಲ್ಲ.

ಒಂದು ಮಧ್ಯಾಹ್ನ ಫೋನ್ ಬಂತು. "ಸರ್, ಮಾಣಿಕಪ್ಪ ಮಾತಾಡಾಕತ್ತೇನ್ರಿ. ಅದು ಬಂತೇನ್ರಿ?"

ನಿಜ ಹೇಳಬೇಕೆಂದೇ ಬಾಯಿ ತೆರೆದೆ. "ಬಂದದ ಮಾಣಿಕಪ್ಪನೋರ. ನಿಮ್ಮ ಹೆಸರು ಹಾಕ್ಯಾರ" ಎಂದೆ.

"ಛಲೋ ಆಯ್ತ್ರಿ ಸರ್. ಭಾಳ ಛಲೋ ಆಯ್ತು."

ಆ ವರ್ಷ ಕಳೆಯುವಷ್ಟರಲ್ಲಿ ಕಾಯಿಲೆ ಮೂತ್ರಪಿಂಡಕ್ಕೆ ಹೋಗಿ ಅವರು ತೀರಿಕೊಂಡರು. ಮಾತಾಡಿಸಲು ಹೋದಾಗ ಗುಂಡಮ್ಮ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಕಸ್ತೂರಿ ನನ್ನನ್ನು ಹೊರಗೆ ಕರೆದಳು.

"ಸರ್, ಅಪ್ಪನ ಹೆಸರು ಬಂದಿದ್ದ ಪೇಜ್ ಯಾವುದ್ರಿ? ಅಪ್ಪ ಎಲ್ಲಾರ ಮುಂದನೂ ಹೇಳ್ಯಾರ. ನಾ ಅಂಗಡ್ಯಾಗ ಕುಂತು ಹುಡುಕಿದೆ, ಸಿಗಲಿಲ್ಲ. ಒಂದು ಪ್ರಿಂಟ್ ತಗೊಂಡ್ರ ಅವ್ವಗ ಕೊಡ್ತೀನಿ."

ಅಲ್ಲೇ, ಚಪ್ಪಲಿಗಳ ನಡುವೆ ನಿಂತು ಎಲ್ಲ ಹೇಳಿದೆ.

"ಅಪ್ಪಗ ಗೊತ್ತಾಗಿತ್ತೇನ್ರಿ?"

"ಇಲ್ಲ."

"ಪುಣ್ಯ," ಎಂದಳು. ಆಮೇಲೆ, "ಅವರು ಹೇಳಿದ್ದು ಬರಕೊಂಡಿದ್ರಲ್ಲ, ಆ ಕಾಗದ ನಂಗ ಕೊಡ್ರಿ" ಎಂದಳು. ಮರುದಿನ ತಂದುಕೊಟ್ಟೆ. ಬಾಗಿಲಲ್ಲೇ ತೆಗೆದುಕೊಂಡಳು, ಒಳಗೆ ಕರೆಯಲಿಲ್ಲ. ಯಾಕೆ ಕರೆಯಬೇಕು?

ಈ ವರ್ಷ ಆ ನಿಯಮಗಳನ್ನು ಮತ್ತೆ ಪರಿಶೀಲಿಸುತ್ತಿದ್ದಾರೆ. ಅಭಿಪ್ರಾಯಗಳಿಗೆ ಆಹ್ವಾನ ಬಂದ ದಿನವೇ ಕಸ್ತೂರಿಗೆ ಸಂದೇಶ ಕಳಿಸಿದೆ. ಮೂರನೆಯ ದಿನ ಒಂದೇ ಪದ ಬಂತು: ಬರ್ರಿ.

ಝೆರಾಕ್ಸ್ ಅಂಗಡಿಗೆ ಹೋದೆ. ಆಕೆ ಆ ಕಾಗದ ನೋಡಿಕೊಂಡು ಎಲ್ಲ ಟೈಪ್ ಮಾಡಿ ಮುಗಿಸಿದ್ದಳು. ಮೊದಲು ಸುಳ್ಳು ಜಾಲತಾಣದಿಂದ ತನಗಾದದ್ದನ್ನು ಬರೆದಿದ್ದಳು, ಕೆಳಗೆ ಅಪ್ಪ ಹೇಳಿದ ಎರಡು ಸಾಲು. "ಬರಿಯಾಂವಗ" ಎಂಬಲ್ಲಿ ನನ್ನ ಕೈ ತಾನಾಗಿಯೇ ಕೀಲಿಮಣೆಯ ಕಡೆ ಹೋಯಿತು.

"ಕೈ ಹಚ್ಚಬ್ಯಾಡ್ರಿ ಸರ್."

ಕೈ ಹಿಂದೆ ತೆಗೆದುಕೊಂಡೆ. ವಿಳಾಸದ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿ ನೋಡಿದಳು. ಆಮೇಲೆ ತಾನೇ ಗುಂಡಿ ಒತ್ತಿದಳು.

"ಓದ್ತಾರೇನ್ರಿ?"

"ಓದಬೇಕಂತ ನಿಯಮ ಅದ, ಕಸ್ತೂರಿ," ಎಂದೆ. "ಓದ್ತಾರೋ ಇಲ್ಲೋ ನಂಗ ಗೊತ್ತಿಲ್ಲ."

ಮೊನ್ನೆ ಅದು ಪ್ರಕಟವಾಯಿತು. ನಾನು ನೋಡುವ ಮೊದಲೇ ಕಸ್ತೂರಿ ನೋಡಿ ನನಗೆ ಫೋನ್ ಮಾಡಿದ್ದಳು. ಅವ್ವನಿಗೆ ಓದಿ ಹೇಳುತ್ತೇನೆ, ನೀವೂ ಕೇಳಿರಿ ಎಂದಷ್ಟೇ ಹೇಳಿ ಓದತೊಡಗಿದಳು. ಎರಡು ಸಾಲು ಮುಗಿದವು. ಆಮೇಲೆ ದೂರದಿಂದ ಗುಂಡಮ್ಮನ ದನಿ ಕೇಳಿತು.

"ಹಿಂಗೇ ಅಂತಿದ್ರು ನೋಡವ್ವಾ. ಬರೋಬರಿ ಹಿಂಗೇ ಅಂತಿದ್ರು. ಇನ್ನೊಮ್ಮಿ ಓದು."

ಕಸ್ತೂರಿ ಇನ್ನೊಮ್ಮೆ ಓದಿದಳು.